ಗಿರಣಿಯ ಭೋಂಗಾ, ನನ್ನ ಹೊಟ್ಟೆ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಗುರುವಾರ. ನಾಲ್ಕನೇ ಇಯತ್ತೆಯ ಮಾಸ್ತರರು ಹದಿನೇಳರ ಮಗ್ಗಿ ಹೇಳು ಅಂದರು. ನೀರು ಕುಡಿದು ಬಂದು ಹೇಳುತ್ತೇನೆ ಅಂದೆ. ಹಾಗೆ ನೀರು ಕುಡಿಯಲು ಹೋದವನು ಬಾಗಲಕೋಟೆ, ಸೊಲ್ಲಾಪುರ, ಪುಣೆ ಎಲ್ಲ ಸುತ್ತಿ ಹದಿನಾಲ್ಕು ವರ್ಷದ ಮೇಲೆ ಮುಂಬಯಿಗೆ ಬಂದು ಮುಟ್ಟಿದೆ.

ಕಾಲು ನಿಲ್ಲದವನಿಗೆ ಹೋದಲ್ಲೆಲ್ಲ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇರುತ್ತದೆ, ಅದಕ್ಕೆ ನಾನು ಒಗ್ಗಿಹೋಗಿದ್ದೆ. ಆದರೆ ಎಲ್ಲಕ್ಕಿಂತ ದೊಡ್ಡ ಫಜೀತಿ ಆದದ್ದು ನಾನು ಎಲ್ಲಿಗೂ ಹೋಗದೆ ಒಂದೇ ಕಡೆ ಎಂಟು ತಿಂಗಳು ನಿಂತಾಗ. ಎಪ್ಪತ್ತರ ದಶಕ ಇನ್ನೂ ಹೊಸದಾಗಿತ್ತು. ಪರೇಲಿನ ಒಂದು ಚಾಳಿನಲ್ಲಿ ನನ್ನ ಖೋಲಿ, ವಿಕ್ರೋಳಿಯ ಒಂದು ಕಾರಖಾನೆಯ ಕ್ಯಾಂಟೀನಿನಲ್ಲಿ ಚಹಾ ಹಂಚುವ ಕೆಲಸ. ಕಾಲು ನಿಂತಿತು. ಅದನ್ನು ನೋಡಿ ಹೊಟ್ಟೆಯೂ ನಿಂತುಬಿಟ್ಟಿತು.

ಎಂಟು ಸಲ ತೆಗೆದುಕೊಳ್ಳುವ ಔಷಧ

ಮಲಬದ್ಧತೆ ಎಂಬ ದೊಡ್ಡ ಶಬ್ದ ನನಗೆ ಆಗ ಗೊತ್ತಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಕಣ್ಣೀರು, ಐದನೆಯ ದಿನ ರಕ್ತ, ಇಷ್ಟು ಮಾತ್ರ ಗೊತ್ತಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ತಡೆಯಲಾರದೆ ಚಾಳಿನ ಮೂಲೆಯ ಡಾಕ್ಟರರ ಹತ್ತಿರ ಹೋದೆ. ಅವರು ಮರಾಠಿಯವರು, ವಯಸ್ಸಾದವರು, ಯಾವ ಮಾತಿಗೂ ನಗದವರು.

"ದಿನಕ್ಕೆ ಏನೇನು ತಿನ್ನುತ್ತೀ?"

"ಮುಂಜಾನೆ ಚಹಾ, ಪಾವು. ಮಧ್ಯಾಹ್ನ ಬಟಾಟೆ ವಡೆ, ಪಾವು. ಸಂಜೆಗೆ ಚಹಾ, ಖಾರಿ ಬಿಸ್ಕೀಟು. ರಾತ್ರಿ ಕ್ಯಾಂಟೀನಿನೊಳಗ ಏನು ಉಳಿದಿರ್ತದೋ ಅದು."

"ಏನು ಉಳಿದಿರುತ್ತದೆ?"

"ಪಾವು."

"ಸೊಪ್ಪು?"

"ವಡೆಯೊಳಗ ಕೊತ್ತಂಬರಿ ಇರ್ತದ್ರಿ."

"ನೀರು?"

"ಚಹಾದೊಳಗ ಇರ್ತದಲ್ರಿ."

ಡಾಕ್ಟರರು ಪೆನ್ನು ಕೆಳಗಿಟ್ಟರು. "ಮುಂಜಾನೆ ಹೊತ್ತಿಗೆ ಸರಿಯಾಗಿ ಹೋಗುತ್ತೀಯೋ ಇಲ್ಲವೋ?"

"ದಿನಾ ಹೋಗ್ತೀನ್ರಿ. ಬರೋದು ಬರಿಗೈಲೆ."

ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಅವರು ನನ್ನ ಮುಂದೆ ಎರಡು ದಾರಿ ಇಟ್ಟರು. ಮೂಲವ್ಯಾಧಿ ಶುರುವಾಗಿದೆ. ಆಪರೇಶನ್ ಮಾಡಿಸಿದರೆ ಹದಿನೈದು ದಿನ ಹಾಸಿಗೆ, ಆಮೇಲೆ ಮೂರು ತಿಂಗಳು ಭಾರ ಎತ್ತುವಂತಿಲ್ಲ. ಬೇಡವೆಂದರೆ ಊಟ ಬದಲಿಸಬೇಕು, ನೀರು ಕುಡಿಯಬೇಕು, ನಡೆಯಬೇಕು, ದಿನಾ ಒಂದೇ ಹೊತ್ತಿಗೆ ಕೂಡಬೇಕು. "ಗಣಪತಿ ಮುಳುಗುವವರೆಗೆ ನೋಡೋಣ. ಮರುದಿನ ಬಂದು ತೋರಿಸು. ಆಗಲೂ ರಕ್ತ ಇದ್ದರೆ ಆಸ್ಪತ್ರೆ."

ನನ್ನ ಎದೆ ಧಸಕ್ಕೆಂದದ್ದು ಕತ್ತರಿಗೆ ಹೆದರಿ ಅಲ್ಲ. ನಮ್ಮ ಕ್ಯಾಂಟೀನಿಗೆ ಹಿಟ್ಟಿನ ಚೀಲ ತರುವ ಒಬ್ಬ ಲಾರಿ ಡ್ರೈವರನಿದ್ದ. ಗಣಪತಿ ಮುಗಿದ ಮೇಲೆ ಇಂದೋರ್ ಕಡೆಯ ಲೈನು ಹಿಡಿಯುತ್ತೇನೆ, ಕ್ಲೀನರ್ ಆಗಿ ಬಾ ಎಂದು ನನಗೆ ಮಾತು ಕೊಟ್ಟಿದ್ದ. ಎಂಟು ತಿಂಗಳಿಂದ ಅದೊಂದೇ ಆಸೆಯ ಮೇಲೆ ಚಹಾ ಹಂಚುತ್ತಿದ್ದೆ. ಚೀಲ ಎತ್ತಲಾರದ ಕ್ಲೀನರನನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಇನ್ನು ಹದಿನೈದು ದಿನ ಒಂದೇ ಹಾಸಿಗೆ. ತೊಟ್ಟಿಲಲ್ಲಿದ್ದಾಗಲೂ ನಾನು ಅಷ್ಟು ದಿನ ಒಂದೇ ಕಡೆ ಮಲಗಿದವನಲ್ಲ.

"ಗುಳಿಗಿ ಏನೂ ಕೊಡಂಗಿಲ್ಲೇನ್ರಿ?" ಅಂದೆ.

ಡಾಕ್ಟರರು ಹೂಜಿಯಿಂದ ದೊಡ್ಡ ಗ್ಲಾಸಿನ ತುಂಬ ನೀರು ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಗಟಗಟ ಕುಡಿದೆ.

"ಔಷಧ ಇದೇ. ದಿನಕ್ಕೆ ಎಂಟು ಸಲ."

ನಾನು ಬಾಯಿ ಒರೆಸಿಕೊಂಡು ಕೇಳಿದೆ, "ಊಟಕ್ಕ ಮೊದಲೋ, ಆಮೇಲೋ?"

ಅಂದು ಮೊದಲ ಸಲ ಅವರು ನಕ್ಕದ್ದನ್ನು ಕಂಡೆ ಎಂದು ಕಂಪೌಂಡರ್ ಆಮೇಲೆ ಹೇಳಿದ.

ಸಭೆಯ ಠರಾವು

ನಮ್ಮ ಮಾಳಿಗೆಯಲ್ಲಿ ಇಪ್ಪತ್ತೆರಡು ಖೋಲಿ, ಗ್ಯಾಲರಿಯ ತುದಿಗೆ ನಾಲ್ಕು ಸಂಡಾಸು. ಬೆಳಗಾಗುವ ಮೊದಲೇ ಅಲ್ಲಿ ಡಬ್ಬಗಳ ಸಾಲು ಹತ್ತುತ್ತಿತ್ತು. ಡಾಲ್ಡಾದ ಡಬ್ಬ, ಎಣ್ಣೆಯ ಡಬ್ಬ, ಪೇಂಟಿನ ಡಬ್ಬ. ನಿಮ್ಮ ಡಬ್ಬ ಸಾಲಿನಲ್ಲಿದ್ದರೆ ನೀವು ಸಾಲಿನಲ್ಲಿದ್ದ ಹಾಗೆ. ನೀವು ಹಲ್ಲುಜ್ಜಬಹುದು, ಜಗಳ ಆಡಬಹುದು, ಮತ್ತೆ ಮಲಗಿಯೂ ಬಿಡಬಹುದು. ಮುಂದಿನವರು ಒಳಗೆ ಹೋದಂತೆ ಹಿಂದಿನವರು ನಿಮ್ಮ ಡಬ್ಬವನ್ನು ಕಾಲಿನಿಂದ ಮುಂದಕ್ಕೆ ದೂಡುತ್ತಿದ್ದರು. ಯಾರ ಡಬ್ಬವನ್ನೂ ಯಾರೂ ದಾಟುತ್ತಿರಲಿಲ್ಲ. ಅಷ್ಟು ಶಿಸ್ತು ನಾನು ಶಾಲೆಯಲ್ಲೂ ಕಂಡಿರಲಿಲ್ಲ.

ಆ ಶಿಸ್ತನ್ನು ಕೆಡಿಸಿದವನು ನಾನು. ಒಳಗೆ ಹೋದರೆ ಅರ್ಧ ಗಂಟೆ. ಡಬ್ಬಗಳ ಸಾಲು ಮೆಟ್ಟಿಲು ಇಳಿಯುತ್ತಿತ್ತು. ಹೊರಗಿನವರು ಬಾಗಿಲು ಬಡಿಯುತ್ತಿದ್ದರು. ಬಡಿದ ಕೂಡಲೆ ಬರಬೇಕಾದದ್ದು ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗುತ್ತಿತ್ತು.

ಕೊನೆಗೊಂದು ಭಾನುವಾರ ಗ್ಯಾಲರಿಯಲ್ಲಿ ಸಭೆ ಕೂಡಿತು. ವಿಷಯ, ನಾನು. ಅಧ್ಯಕ್ಷರು ನಮ್ಮ ಮಾಳಿಗೆಯ ರಾಯರು. ಮೈಸೂರಿನವರು, ಫೋರ್ಟಿನ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕು, ಮನೆಯಲ್ಲೂ ಕಾಲುಚೀಲ ಹಾಕಿಕೊಳ್ಳುವವರು. ಆ ಸಂಗತಿಯ ಹೆಸರು ಹೇಳಲು ಅವರಿಗೆ ನಾಚಿಕೆ.

"ನೋಡಿ, ಇವರಿಗೆ ಒಂದು... ಒಂದು ತೊಂದರೆ ಇದೆ. ಅದರಿಂದ ಸಾರ್ವಜನಿಕರಿಗೂ ತೊಂದರೆ ಆಗ್ತಿದೆ."

ವಿಜಾಪುರ ಕಡೆಯ ದರ್ಜಿ ಚಾಚಾ ಎದ್ದು ನಿಂತರು. ಎಲ್ಲರ ಅಂಗಿ ಹೊಲಿಯುತ್ತಿದ್ದುದರಿಂದ ಅವರ ಮಾತಿಗೆ ಬೆಲೆಯಿತ್ತು. "ಅರೆ, ಮಷೀನ್ ಜಾಮ್ ಆದ್ರ ಬಡದ್ರ ಬಿಡ್ತದೇನ್ರಿ? ಸೂಜಿ ಮುರೀತದ ಅಷ್ಟ. ಬಾಗಿಲಾ ಬಡಿಯೋದು ಬಂದ್ ಮಾಡ್ರಿ. ಬಚ್ಚಾಗೆ ಸ್ವಲ್ಪ ಟೈಮ್ ಕೊಡ್ರಿ."

ವಾದ ಬಹಳ ಆಯಿತು. ಕೊನೆಗೆ ರಾಯರು ದಪ್ಪ ಪುಸ್ತಕ ತೆರೆದು ಠರಾವು ಬರೆದು ಓದಿದರು. ಕೊನೆಯ ಸಂಡಾಸು ಬೆಳಿಗ್ಗೆ ಏಳರಿಂದ ಏಳೂಕಾಲರವರೆಗೆ ಸದರಿ ಸದಸ್ಯರಿಗೆ ಮೀಸಲು. ಆ ಅವಧಿಯಲ್ಲಿ ಯಾರೂ ಬಾಗಿಲು ಬಡಿಯತಕ್ಕದ್ದಲ್ಲ, ಕೆಮ್ಮತಕ್ಕದ್ದಲ್ಲ, ಡಬ್ಬದ ಸದ್ದು ಮಾಡತಕ್ಕದ್ದಲ್ಲ.

ಹಿಂದಿನಿಂದ ಒಬ್ಬ ಕೇಳಿದ, "ಏಳೂಕಾಲಕ್ಕೂ ಆಗ್ಲಿಲ್ಲ ಅಂದ್ರ?"

ರಾಯರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಅಂದರು, "ಹಾಗಾದ ಪಕ್ಷದಲ್ಲಿ, ಉಳಿದದ್ದನ್ನು ಮರುದಿನಕ್ಕೆ ಮುಂದೂಡತಕ್ಕದ್ದು."

ಕೆಂಪು ಜೋಳ

ನಮ್ಮ ಮಾಳಿಗೆಯಲ್ಲೇ ಒಬ್ಬ ಅವ್ವ ಖಾನಾವಳಿ ನಡೆಸುತ್ತಿದ್ದಳು. ಬಾದಾಮಿ ಕಡೆಯವಳು. ಗಿರಣಿಯಲ್ಲಿ ದುಡಿಯುವ ಹತ್ತು ಜನ ಅವಳ ಖೋಲಿಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಹೋಗಿ ಹೇಳಿದೆ, "ಅವ್ವಾ, ಡಾಕ್ಟರು ರೊಟ್ಟಿ ತಿನ್ನು ಅಂದಾರ."

"ರೊಟ್ಟಿ ತಿಂದು ಹುಟ್ಟಿದ ಮಗ, ಅದನ್ನ ಹೇಳಾಕ ನಿನಗ ಡಾಕ್ಟರ್ ಬೇಕಾದ್ನೇನ?" ಅಂದಳು. "ಪಾವು ತಿಂತಾನಂತ ಪಾವು. ಹತ್ತಿ ತಿಂದಾಂಗ. ಕುಂಡರು."

ಆ ವರ್ಷಗಳಲ್ಲಿ ಬರಗಾಲ. ರೇಶನ್ ಅಂಗಡಿಯಲ್ಲಿ ಅಕ್ಕಿ ಒಂದು ಹಿಡಿ, ಅದರ ಸಂಗಡ ಪರದೇಶದಿಂದ ಬಂದ ಕೆಂಪು ಜೋಳ. ಮಿಲೋ ಅನ್ನುತ್ತಿದ್ದರು. ಅದರ ರೊಟ್ಟಿ ಚಪ್ಪಲಿಯ ಅಟ್ಟೆಯ ಹಾಗಿರುತ್ತಿತ್ತು, ಬಣ್ಣವೂ ಅದೇ. ಯಾರಿಗೂ ಬೇಡ, ಆದರೆ ಕಾರ್ಡಿನ ಮೇಲೆ ಬಂದದ್ದನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಎಲ್ಲರ ಮನೆಯ ಮಂಚದ ಕೆಳಗೆ ಒಂದೊಂದು ಚೀಲ.

ನನಗೆ ರೊಟ್ಟಿಯ ಪಥ್ಯ ಎಂಬ ಸುದ್ದಿ ಹಬ್ಬಿದ್ದೇ ತಡ, ಚಾಳಿಗೆ ಚಾಳೇ ದಾನಶೂರವಾಯಿತು. ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಚೀಲ. "ನಿನ್ನ ಪ್ರಕೃತಿಗೆ ಆಗಲಪ್ಪಾ." ರಾಯರ ಹೆಂಡತಿಯೂ ಎರಡು ಡಬ್ಬ ತುಂಬ ಕಳಿಸಿ, ನಮ್ಮನೇಲಿ ಯಾರಿಗೂ ಮುಟ್ಟೋಕೆ ಆಗಲ್ಲ, ನಿಮಗೇ ಒಳ್ಳೇದು ಅಂದರು. ನಾನು ಎಲ್ಲವನ್ನೂ ಅವ್ವನ ಖೋಲಿಗೆ ಹೊತ್ತೆ. ದಿನಕ್ಕೆ ಐದು ರೊಟ್ಟಿ, ಪುಂಡಿ ಪಲ್ಯ, ಮೆಂತ್ಯ ಸೊಪ್ಪು, ಹೆಸರುಕಾಳು.

ಮೂರು ದಿನಕ್ಕೆ ಹೊಟ್ಟೆ ನಗಾರಿಯಾಯಿತು. ಬಾರಿಸಿದರೆ ಸದ್ದು, ಹೊರಗೆ ಮಾತ್ರ ಏನಿಲ್ಲ.

"ನೀರು ಕುಡದಿಯೇನ?" ಅವ್ವ ಕೇಳಿದಳು.

ಅದೊಂದು ಮರೆತಿದ್ದೆ. ಔಷಧ ಬಿಟ್ಟು ಪಥ್ಯ ಮಾಡಿದ್ದೆ.

"ನೀರಿಲ್ಲದ ಗಟಾರದೊಳಗ ಕಸಾ ತುಂಬಿದಾಂಗ ಮಾಡೀದಿ," ಅಂದಳು. ಅಂದಿನಿಂದ ಖಾನಾವಳಿಗೆ ಹೊಸ ಕಾಯಿದೆ. ಎಲೆಯ ಮುಂದೆ ಕೂತವನು ಮೊದಲು ಒಂದು ತಂಬಿಗೆ ನೀರು ಅವಳ ಕಣ್ಣೆದುರಿಗೆ ಕುಡಿಯಬೇಕು, ಆಮೇಲೆ ರೊಟ್ಟಿ. ನನ್ನೊಬ್ಬನಿಗೆ ಮಾಡಿದರೆ ಭೇದಭಾವ ಆಗುತ್ತದೆಂದು ಹತ್ತೂ ಜನರಿಗೆ ಮಾಡಿದಳು. ಹತ್ತೂ ಜನ ಗೊಣಗಿಕೊಂಡು ಕುಡಿದರು, ಹತ್ತೂ ಜನ ಕೆಂಪು ರೊಟ್ಟಿ ಪಲ್ಯ ತಿಂದರು.

ವಾರ ಕಳೆಯುವುದರೊಳಗೆ ಡಬ್ಬಗಳ ಸಾಲು ಮತ್ತೆ ಮೆಟ್ಟಿಲು ಇಳಿಯಿತು. ಖಾನಾವಳಿಯ ಹತ್ತು ಜನರಿಗೂ ಸೂರ್ಯ ಹುಟ್ಟುವ ಮೊದಲೇ ಅವಸರ. ನನ್ನ ರೋಗಕ್ಕೆ ಮಾಡಿದ ಔಷಧದಿಂದ ಎಲ್ಲರಿಗೂ ಗುಣವಾಗಿತ್ತು, ನನ್ನೊಬ್ಬನನ್ನು ಬಿಟ್ಟು.

ಕುರ್ಲಾ

"ಮಷೀನ್‌ಗೆ ಎಣ್ಣಿ ಹಾಕೀದಿ," ದರ್ಜಿ ಚಾಚಾ ಅಂದರು. "ಪೆಡಲ್ ಯಾರು ಹೊಡೀಬೇಕು, ನಿನ್ನ ಅಬ್ಬಾನಾ? ನಡೀ ಬೇಟಾ, ನಡೀ."

ನಡೆಯುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ದಿನಾ ಘಾಟ್ಕೋಪರಿನಲ್ಲೇ ಇಳಿದು ವಿಕ್ರೋಳಿಯ ತನಕ ನಡೆಯತೊಡಗಿದೆ. ಕ್ಯಾಂಟೀನಿನಲ್ಲಿ ಚಹಾ ಎರಡೇ ಕಪ್ಪಿಗೆ ಇಳಿಯಿತು. ಮುಂಜಾನೆ ಏಳಕ್ಕೆ ಮೀಸಲು ಜಾಗದಲ್ಲಿ ಹೋಗಿ ಕೂತು, ಏಳೂಕಾಲಕ್ಕೆ ಎಂದಿನಂತೆ ಬರಿಗೈಲೆ ಎದ್ದು ಬರುತ್ತಿದ್ದೆ.

ಒಂದು ದಿನ, ಕಾರಖಾನೆಗಳ ಹೊತ್ತಿನ ಲೋಕಲ್ಲು. ಉಸಿರಾಡಬೇಕೆಂದರೆ ಪಕ್ಕದವನ ಅಪ್ಪಣೆ ಬೇಕು ಅಂಥ ಗರ್ದಿ. ಶೀವ ಸ್ಟೇಶನ್ ದಾಟಿದೆವು. ಒಳಗೆ ಏನೋ ಕದಲಿತು. ತಿಂಗಳುಗಳ ನಂತರ, ಕರೆಯದೆ, ತಾನಾಗಿಯೇ.

"ಕುರ್ಲಾ ಉತರನಾ ಹೈ ಭಾಯಿ," ಅಂದೆ. ಯಾರೂ ಅಲುಗಲಿಲ್ಲ.

"ಜಾಗಾ ದೋ ಭಾಯಿ." ಮುಂದಿನವನು ತಿರುಗಿಯೂ ನೋಡಲಿಲ್ಲ. "ಇಲ್ಲಿ ಯಾರಿಗೆ ಇಳಿಯಬೇಕಾಗಿಲ್ಲ?" ಅಂದ.

ಆಗ ನಾಚಿಕೆ ಬಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಹಿಂದಿಯಲ್ಲಿ, ದೊಡ್ಡ ದನಿಯಲ್ಲಿ, ತಿಂಗಳುಗಳ ಲೆಕ್ಕ ಸಮೇತ.

ನನ್ನ ಎರಡೂ ಕಡೆ ಜನ ಗೋಡೆಗೆ ಅಂಟಿಕೊಂಡರು. ಆ ಡಬ್ಬಿಯಲ್ಲಿ ಅಷ್ಟು ಜಾಗ ಇದೆಯೆಂದು ರೈಲ್ವೆಯವರಿಗೂ ಗೊತ್ತಿರಲಿಕ್ಕಿಲ್ಲ. ರಾಜನ ಹಾಗೆ ಇಳಿದು ಓಡಿದೆ. ಸ್ಟೇಶನ್ನಿನ ಸಂಡಾಸಿನಲ್ಲಿ ಯಾವ ಕಣ್ಣೀರೂ ಇಲ್ಲದೆ, ಯಾವ ರಕ್ತವೂ ಇಲ್ಲದೆ ಕೆಲಸ ಮುಗಿಯಿತು. ಹೊರಗೆ ಬಂದಾಗ ಕುರ್ಲಾ ಸ್ಟೇಶನ್ ಬಹಳ ಚೆಂದ ಕಂಡಿತು. ಆ ಸ್ಟೇಶನ್ನನ್ನು ಚೆಂದ ಅಂದವನು ನಾನೊಬ್ಬನೇ ಇರಬೇಕು.

ಪ್ಲ್ಯಾಟ್‌ಫಾರ್ಮಿನಲ್ಲಿ ಒಬ್ಬ ದಪ್ಪನೆಯ ಶೇಠಜಿ ನನಗಾಗಿ ಕಾದು ನಿಂತಿದ್ದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ನಾಳೆಯೂ ಇದೇ ಗಾಡಿಗೆ ಬರುತ್ತೀಯಾ?" ಅಂದರು. "ಮೂರು ವರ್ಷದಿಂದ ನನ್ನ ಅಂಗಡಿ ಕುರ್ಲಾದಲ್ಲಿದೆ. ಗರ್ದಿ ದಾಟಿ ಕುರ್ಲಾದಲ್ಲೇ ಇಳಿದದ್ದು ಇವತ್ತೇ ಮೊದಲು."

ಭೋಂಗಾ

ಆದರೆ ದಿನಾ ಕುರ್ಲಾದಲ್ಲಿ ಇಳಿಯಲು ಆಗುತ್ತದೆಯೇ? ಹೊತ್ತು ಕೂಡಿಬರಬೇಕು ಎಂದರು ಡಾಕ್ಟರರು. ಹೊಟ್ಟೆ ದನವಿದ್ದ ಹಾಗೆ, ದಿನಾ ಅದೇ ಹೊತ್ತಿಗೆ ಬಿಟ್ಟರೆ ತಾನೇ ದಾರಿ ಹಿಡಿಯುತ್ತದೆ. ಇದಕ್ಕೆ ಉಪಾಯ ಹೇಳಿದವರೂ ಚಾಚಾನೇ. ನಮ್ಮ ಚಾಳಿನ ಬೆನ್ನಿಗೇ ಒಂದು ಬಟ್ಟೆ ಗಿರಣಿ. ಮೊದಲ ಪಾಳಿಗೆ ಸರಿಯಾಗಿ ಏಳಕ್ಕೆ ಅದರ ಭೋಂಗಾ ಕೂಗುತ್ತಿತ್ತು, ಕಿಟಕಿಯ ಗಾಜು ನಡುಗುವ ಹಾಗೆ.

"ಅಷ್ಟು ಮಂದಿ ಅದನ್ನ ಕೇಳಿ ಕೆಲಸಕ್ಕ ಹೋಗ್ತಾರ," ಚಾಚಾ ಅಂದರು. "ನಿನ್ನ ಹೊಟ್ಟಿಗೂ ಅದ ಡ್ಯೂಟಿ ಹಚ್ಚು."

ಎದ್ದ ಕೂಡಲೆ ಬಿಸಿನೀರು ಕುಡಿದು ಗ್ಯಾಲರಿಯಲ್ಲಿ ಡಬ್ಬ ಹಿಡಿದು ನಿಲ್ಲುತ್ತಿದ್ದೆ. ಭೋಂಗಾ ಕೂಗಿತು, ಒಳಗೆ ಹೋದೆ. ಒಂದು ವಾರ ಏನಿಲ್ಲ. ಎರಡನೆಯ ವಾರ ಒಂದಿಷ್ಟು ಆಸೆ. ಮೂರನೆಯ ವಾರ, ಭೋಂಗಾ ಮುಗಿಯುವ ಮೊದಲೇ ನನ್ನ ಕೆಲಸ ಮುಗಿದಿತ್ತು. ಆಮೇಲೆ ಅದು ತಪ್ಪಲೇ ಇಲ್ಲ. ರಕ್ತ ನಿಂತಿತು. ಶ್ರಾವಣ ಕಳೆಯಿತು, ಚಾಳಿನ ಕೆಳಗೆ ಮಂಟಪದಲ್ಲಿ ಗಣಪತಿ ಬಂದು ಕೂತ. ಲಾರಿ ಡ್ರೈವರ್ ಬಂದು, ಗಣಪತಿ ಕಳಿಸಿದ ಮೂರನೆಯ ದಿನ ಹೊರಡುತ್ತೇನೆ, ತಯಾರಾಗಿರು ಎಂದು ಹೇಳಿ ಹೋದ.

ಗಣಪತಿ ಕೂತ ಎರಡನೆಯ ದಿನ ಗಿರಣಿಯ ಕೆಲಸಗಾರರು ಕೆಲಸ ನಿಲ್ಲಿಸಿ ಸಂಪು ಹೂಡಿದರು.

ಭೋಂಗಾ ಬಂದ್.

ಏಳಕ್ಕೆ ಹೋಗಿ ಕೂತೆ. ಹೊರಗೆ ನಿಶ್ಶಬ್ದ, ಒಳಗೆ ಅದಕ್ಕಿಂತ ನಿಶ್ಶಬ್ದ. ಮರುದಿನವೂ ಹಾಗೇ. ಅದರ ಮರುದಿನವೂ. ಹೊಟ್ಟೆಯೂ ಯೂನಿಯನ್ ಸೇರಿತ್ತು. ಅವ್ವ ಪುಂಡಿ ಪಲ್ಯ ಎರಡು ಪಟ್ಟು ಮಾಡಿದಳು, ನಾನು ವಡಾಳದವರೆಗೆ ನಡೆದು ಬಂದೆ. ನಾಲ್ಕನೆಯ ದಿನ ಮತ್ತೆ ಕಣ್ಣೀರು. ಆಸ್ಪತ್ರೆಯ ಹಾಸಿಗೆ ಕಣ್ಣ ಮುಂದೆ ಬಂತು, ಅದರ ಹಿಂದಿನಿಂದ ಲಾರಿ ನನ್ನನ್ನು ಬಿಟ್ಟು ಹೊರಟು ಹೋದಂತೆ ಕಂಡಿತು.

ನನ್ನ ಮೋರೆ ನೋಡಿಯೇ ಅಂದು ಸಂಜೆ ಅವ್ವ, ಚಾಚಾ, ರಾಯರು ಗ್ಯಾಲರಿಯಲ್ಲಿ ಕೂಡಿದರು.

"ಭೋಂಗಾ ಇಲ್ಲಂದ್ರ ಭೋಂಗಾದಂಥಾದ್ದು ಏನರ ಊದಬೇಕು," ಅವ್ವ ಅಂದಳು. "ರಾಯ್ರ, ನಿಮ್ಮನ್ಯಾಗ ಶಂಖ ಐತೆಲ್ರಿ?"

ರಾಯರು ಹೌಹಾರಿದರು. "ನಮ್ಮ ತಾತನ ಕಾಲದ ಶಂಖ ಕಣಮ್ಮ. ದೇವರ ಪೂಜೆಗೆ ಊದೋದು. ಇದಕ್ಕೆಲ್ಲ ಊದೋಕಾಗತ್ತಾ?"

"ಕೆಳಗ ಕುಂತಾನಲ್ಲ ಗಣಪ್ಪ, ಅವನ ಮುಂದ ನಿಂತು ಊದ್ರಿ. ಹೊಟ್ಟಿ ಸಂಕಟ ಅವನಿಗಿಂತ ಚೆಂದ ಯಾರಿಗೆ ತಿಳೀತದ?"

ರಾಯರು ಒಳಗೆ ಹೋಗಿ ಶಂಖ ತಂದರು. ಆದರೆ ಶಂಖದ ಸದ್ದು ಮೂರನೆಯ ಮಾಳಿಗೆಗೆ ಮುಟ್ಟಬೇಕಲ್ಲ? ಕೆಳಗಿನ ಮಂಟಪದಲ್ಲಿ ಮೈಕು ಇತ್ತು. ಮಂಟಪದ ಬಟ್ಟೆಯೆಲ್ಲ ಹೊಲಿದವರು ಚಾಚಾನೇ ಆದ್ದರಿಂದ ಅಲ್ಲಿ ಅವರಿಗೆ ಯಾರೂ ಬೇಡ ಅನ್ನುವಂತಿರಲಿಲ್ಲ. ಮೈಕು ಹಿಡಿಯುವುದು ತನ್ನ ಕೆಲಸ ಅಂದರು.

ಮರುದಿನ ಸರಿಯಾಗಿ ಏಳು. ನಾನು ಕೊನೆಯ ಸಂಡಾಸಿನಲ್ಲಿ ಕಾದು ಕೂತಿದ್ದೆ. ಕೆಳಗೆ ಗಣಪತಿಯ ಮುಂದೆ ರಾಯರು ಮಡಿಪಂಚೆ ಉಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳೆದು ಊದಿದರು. ಚಾಚಾ ಶಂಖದ ಬಾಯಿಗೇ ಮೈಕು ಹಿಡಿದರು. ಎರಡು ದೊಡ್ಡ ಸ್ಪೀಕರಿನಿಂದ ಹೊರಟ ಸದ್ದು ಶಂಖದ್ದಾಗಿ ಉಳಿದಿರಲಿಲ್ಲ. ಗಿರಣಿಯ ಭೋಂಗಾ ಕೂಡ ಅಷ್ಟು ಚೆಂದ ಎಂದೂ ಕೂಗಿರಲಿಲ್ಲ.

ನನ್ನ ಹೊಟ್ಟೆ ನಂಬಿತು. ಹಗುರಾದೆ. ಒಳಗೇ ಕೈ ಮುಗಿದೆ.

ಆದರೆ ನಂಬಿದ್ದು ನನ್ನ ಹೊಟ್ಟೆ ಒಂದೇ ಅಲ್ಲ. ಸುತ್ತಲಿನ ಏಳೆಂಟು ಚಾಳುಗಳಲ್ಲಿ ಮಲಗಿದ್ದ ಸಂಪಿನವರೆಲ್ಲ ದಿಗ್ಗನೆ ಎದ್ದರು. ಭೋಂಗಾ ಕೂಗಿತು ಅಂದರೆ ಮಾಲಕರು ಸೋತರು! ಬನಿಯನ್ನಿನಲ್ಲಿದ್ದವರು ಬನಿಯನ್ನಿನಲ್ಲೇ, ಹಲ್ಲುಪುಡಿ ಬಾಯಲ್ಲಿದ್ದವರು ಹಾಗೆಯೇ, ಜೈಕಾರ ಹಾಕುತ್ತ ಗೇಟಿಗೆ ಓಡಿದರು. ಆ ಗದ್ದಲ ಕೇಳಿ ಒಳಗಿನ ಬಂಗಲೆಯಿಂದ ಗಿರಣಿಯ ಮ್ಯಾನೇಜರನೂ ಟವೆಲು ಹೊದ್ದು ಓಡಿಬಂದ. ಕೆಲಸದ ಹೊತ್ತಿಗೆ ಸರಿಯಾಗಿ ಜನ ಬಂದರು ಅಂದರೆ ಸಂಪು ಮುರಿಯಿತು ಎಂದು ಅವನ ಲೆಕ್ಕ. ಗೇಟಿನ ಈಚೆ ಯೂನಿಯನ್ನಿನ ಲೀಡರ್, ಆಚೆ ಮ್ಯಾನೇಜರ್. ಇಬ್ಬರೂ ನಗುತ್ತ ಒಟ್ಟಿಗೇ ಕೇಳಿದರಂತೆ, "ಹಾಗಾದರೆ ಒಪ್ಪಿಕೊಂಡಿರಾ?"

ಅರ್ಧ ಗಂಟೆಯೊಳಗೆ ಲೀಡರ್ ನಮ್ಮ ಚಾಳಿಗೆ ಬಂದ. ಹಿಂದೆ ನೂರು ಜನ.

"ಭೋಂಗಾ ಊದಿದವರು ಯಾರು?"

ರಾಯರು ಶಂಖವನ್ನು ಪಂಚೆಯ ಮರೆಗೆ ಸರಿಸಿದರು. ನಾನು ಮುಂದೆ ಬಂದೆ. ಕೈಯಲ್ಲಿ ಇನ್ನೂ ಡಬ್ಬ. "ನನ್ನ ಸಲುವಾಗಿ ಊದ್ಯಾರ್ರಿ."

"ನೀನು ಮಾಲಕರ ಮನುಷ್ಯನೋ?"

"ಅಲ್ರಿ. ಡಾಕ್ಟರ ಮನಷ್ಯಾ."

ಎಲ್ಲ ಹೇಳಿದೆ. ಪಾವು, ನೀರು, ಕೆಂಪು ಜೋಳ, ಭೋಂಗಾ, ಲಾರಿ. ಹಿಂದಿನ ನೂರು ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಲೀಡರ್ ಮಾತ್ರ ನಗಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ದನಿ ಇಳಿಸಿದ.

"ಸಂಪು ಶುರುವಾದಾಗಿನಿಂದ ಮೀಟಿಂಗು, ಚಹಾ, ಪಾವು. ಇವತ್ತಿಗೆ ಐದು ದಿನ," ಅಂದ. "ಆ ರೊಟ್ಟಿ ಮಾಡುವ ಅವ್ವ ಯಾರು?"

ಆಮೇಲೆ ಜನರ ಕಡೆ ತಿರುಗಿ ಗಟ್ಟಿಯಾಗಿ ತೀರ್ಪು ಕೊಟ್ಟ. ಏಳಕ್ಕೆ ಊದಿದರೆ ಚಳವಳಿಗೆ ಧಕ್ಕೆ. ಗಣಪತಿ ಇರುವವರೆಗೆ ಶಂಖವನ್ನು ಏಳೂವರೆ ಗಂಟೆಗೆ ಊದಬೇಕು. ಮತ್ತೆ ನನ್ನ ಕಿವಿಯ ಹತ್ತಿರ ಬಂದು ಅಂದ, "ಪಕ್ಕದ ಸಂಡಾಸು ಖಾಲಿ ಇಡಿಸು. ನಾನೂ ಬರುತ್ತೇನೆ."

ಗಣಪತಿ ಮುಳುಗಿದ ಮರುದಿನ ಡಾಕ್ಟರರು ಪರೀಕ್ಷೆ ಮಾಡಿ, ಕೈ ತೊಳೆದು, "ಹಾಸಿಗೆ ಬೇಡ. ಹೋಗು," ಅಂದರು. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ನಾನು ಅವರ ಕಾಲು ಮುಟ್ಟಿದೆ. ಹೆತ್ತ ತಂದೆಯ ಕಾಲನ್ನು ಹಾಗೆ ಮುಟ್ಟಿ ಹೊರಟವನಲ್ಲ ನಾನು.

ಹೊರಡುವ ದಿನ ಮುಂಜಾನೆ ಖೋಲಿಯಲ್ಲಿ ಹಾಸಿಗೆ ಸುತ್ತುತ್ತಿದ್ದೆ. ಅವ್ವ ಇಪ್ಪತ್ತು ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ತಂದಳು. ಚಾಚಾ ನನ್ನ ಎರಡೂ ಪಾಯಿಜಾಮದ ಲಾಡಿ ಬದಲಿಸಿ ಕೊಟ್ಟರು, ಅವಸರದಲ್ಲಿ ಬಿಚ್ಚಲು ಸುಲಭವಾಗುವಂಥದು. ರಾಯರು ನೀರಿಗೆಂದು ಆಫೀಸಿನ ತಮ್ಮ ಥರ್ಮಾಸನ್ನೇ ಕೊಟ್ಟುಬಿಟ್ಟರು. ಹೆತ್ತವರೂ ಇಷ್ಟು ದಿನ ನನ್ನ ಹೊಟ್ಟೆಯ ಚಿಂತೆ ಮಾಡಿರಲಿಲ್ಲ.

"ಎಲ್ಲಾ ಖರೆ," ಅವ್ವ ಅಂದಳು. "ದಾರ್ಯಾಗ ನಿನಗ ಭೋಂಗಾ ಊದಾವರು ಯಾರೋ ಮಗನ?"

ಅಷ್ಟರಲ್ಲಿ ಕೆಳಗೆ ಓಣಿಯಲ್ಲಿ ಲಾರಿ ಬಂದು ನಿಂತಿತು. ಡ್ರೈವರ್ ನನ್ನನ್ನು ಕರೆಯಲು ಉದ್ದಕ್ಕೆ ಒಂದು ಹಾರ್ನ್ ಹೊಡೆದ. ಕಿಟಕಿಯ ಗಾಜು ನಡುಗಿತು.

ನಾನು ಹಾಸಿಗೆಯ ಹಗ್ಗ ಅರ್ಧಕ್ಕೇ ಬಿಟ್ಟು, ಡಬ್ಬ ಎತ್ತಿಕೊಂಡು ಗ್ಯಾಲರಿಯ ತುದಿಗೆ ಓಡಿದೆ.